ಅಗಸಿ ಎಣ್ಣೆ ಬಟ್ಟೆಯಂತೆ ಒಣಗುವುದಿಲ್ಲ

ಕಳೆದ ಮೇ ತಿಂಗಳಲ್ಲಿ ನನ್ನ ಮೋನಾಲಿಸಾ ಮುದುಕಿಯಾದಳು. ನಕಲು ಮಾಡುತ್ತಾ ಆಯಿಲ್ ಪೇಂಟಿಂಗ್ ಕಲಿಯೋಣ ಅಂತ ಕೂತವನು, ಬಣ್ಣಕ್ಕೆ ಅಗಸಿ ಎಣ್ಣೆ ಜಾಸ್ತಿ ಬೆರೆಸಿ ಕೆನ್ನೆಗೆ ದಪ್ಪಗೆ ಬಳಿದು, ಬೇಗ ಒಣಗಲಿ ಎಂದು ಕಲಬುರಗಿಯ ಬಿಸಿಲಲ್ಲಿ ಮಾಳಿಗೆ ಮೇಲೆ ಇಟ್ಟಿದ್ದೆ. ನಾಲ್ಕು ದಿನ ಬಿಟ್ಟು ನೋಡಿದರೆ ಕೆನ್ನೆ ತುಂಬ ಸುಕ್ಕು. ಮೇಲೆ ಹಾಲಿನ ಕೆನೆಯಂಥ ಪದರ, ಬೆರಳು ಒತ್ತಿದರೆ ಒಳಗೆ ಇನ್ನೂ ಹಸಿ.

ಬಿಸಿಲಿಗಿಟ್ಟರೆ ಒಣಗುತ್ತದೆ ಅನ್ನೋದು ಮೆಣಸಿನಕಾಯಿಗೆ ಸರಿ. ಅಲ್ಲಿ ನೀರು ಆವಿಯಾಗಿ ಹೋಗುತ್ತದೆ, ತೂಕ ಇಳಿಯುತ್ತದೆ. ಅಗಸಿ ಎಣ್ಣೆಯಲ್ಲಿ ಹಾರಿಹೋಗಲು ನೀರೇ ಇಲ್ಲವಲ್ಲ! ಅದು ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೊದಮೊದಲು ತೂಕ ಏರುತ್ತದೆ. ಅದರ ಅರ್ಧದಷ್ಟು ಭಾಗ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ. ಉದ್ದನೆ ಸರಪಳಿ, ಮೂರು ಕಡೆ ಜೋಡಿ ಬಂಧ. ಆ ಜಾಗಗಳ ಆಸುಪಾಸಿನಲ್ಲಿ ಆಮ್ಲಜನಕ ನುಗ್ಗಿ ಪಕ್ಕದ ಸರಪಳಿಗೆ ಕೊಂಡಿ ಹಾಕಿಸುತ್ತದೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದುಬಿಟ್ಟರೆ ಯಾರಿಗೂ ಕದಲಲು ಆಗುವುದಿಲ್ಲ, ಅಲ್ವಾ? ಹಾಗೆ. ಅಥವಾ ಹರಕು ತುಂಡುಗಳನ್ನು ಹೊಲಿದು ಕೌದಿ ಮಾಡಿದ ಹಾಗೆ. ನನ್ನ ಕೌದಿಯಲ್ಲಿ ಗಾಳಿ ಸಿಕ್ಕ ಮೇಲ್ಭಾಗಕ್ಕಷ್ಟೇ ಹೊಲಿಗೆ ಬಿತ್ತು, ಅದು ಹಿಗ್ಗಿ ಮಡಿಕೆಯಾಯಿತು.

ಅಡುಗೆಮನೆಯ ಹಳೇ ಕುಸುಬಿ ಎಣ್ಣೆ ಡಬ್ಬಿಯ ಮೂತಿ ಮುಟ್ಟಿ ನೋಡಿ. ಗೋಂದಿನಂತೆ ಅಂಟಿರುವ ಆ ಹಳದಿ ಪದರವೂ ಇದೇ ಕೌದಿ. ಕುಸುಬಿ ನಿಧಾನ, ಆದರೆ ಅಗಸಿಯಷ್ಟು ಹಳದಿಗಟ್ಟುವುದಿಲ್ಲ. ಅದಕ್ಕೇ ಈಗಿನ ಎಷ್ಟೋ ಬಿಳಿ ಬಣ್ಣದ ಟ್ಯೂಬುಗಳಲ್ಲಿ ಇರೋದು ನಮ್ಮ ಹೊಲಗಳಲ್ಲಿ ಬೆಳೆಯುವ ಇದೇ ಎಣ್ಣೆ.

ಎಣ್ಣೆ ಬಣ್ಣವನ್ನು 15ನೇ ಶತಮಾನದ ಚಿತ್ರಕಾರ ಯಾನ್ ವಾನ್ ಐಕ್ ಕಂಡುಹಿಡಿದ ಅಂತ 1550ರಲ್ಲಿ ಕಲಾವಿದರ ಚರಿತ್ರೆಕಾರ ವಸಾರಿ ಬರೆದದ್ದನ್ನು ಜನ ಇನ್ನೂ ಒಪ್ಪಿಸುತ್ತಾರೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಬೌದ್ಧ ಚಿತ್ರಗಳಲ್ಲಿ 7ನೇ ಶತಮಾನದಲ್ಲೇ ಒಣಗುವ ಎಣ್ಣೆ ಬಳಸಿದ್ದರು. ಮೋನಾಲಿಸಾ ಬರೆದ ಲಿಯೊನಾರ್ಡೊನ ಹೆಚ್ಚುಗಾರಿಕೆ ಬೇರೆಯೇ, ತಾಳ್ಮೆಯದು. 2010ರಲ್ಲಿ ಎಕ್ಸ್-ರೇ ಹಾಯಿಸಿ ಅಳೆದಾಗ, ಅವನು ಮುಖಗಳ ನೆರಳಿಗೆ ಒಂದರ ಮೇಲೊಂದು ಬಳಿದ ಪದರಗಳೆಲ್ಲ ಸೇರಿಯೂ ಒಂದು ಕೂದಲಿಗಿಂತ ತೆಳುವಾಗಿದ್ದವು. ನಾನು ಬಳಿದದ್ದು ಗಿಲಾವು!

ಈಗ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ. ತಿಂಗಳಾಯಿತು, ತುಟಿಯ ಅಂಚಿನ ನೆರಳೇ ಮುಗಿದಿಲ್ಲ.

ಇನ್ನೊಂದು ವಿಷಯ. ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಕೊಂಡಿ ಬೀಳುವಾಗ ಕಾವು ಹುಟ್ಟುತ್ತದೆ, ಉಂಡೆಯೊಳಗೆ ಅದಕ್ಕೆ ದಾರಿಯಿಲ್ಲ, ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಹುದು. ನಮ್ಮ ಕಡೆ ಬಟ್ಟೆ ತಾನಾಗೇ ಉರಿದರೆ ಬಾನಾಮತಿ ಅಂತಾರೆ, ಮಂತ್ರದವನನ್ನು ಕರೆಸಿ ದುಡ್ಡು ಕೊಡ್ತಾರೆ, ಮೂಲೆಯಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ನಾನು ಅರಿವೆಯನ್ನು ಹಗ್ಗದ ಮೇಲೆ ಅಗಲವಾಗಿ ಹರವುತ್ತೇನೆ. ಮೊನ್ನೆ ಅವ್ವ ಅದನ್ನು ಮೂಸಿ, "ಅಗಸಿ ಹಿಂಡಿ ಯಾರು ಒರೆಸ್ಯಾರ ಇದಕ್ಕ?" ಎಂದಳು.