ಆ ಒಂದು ಜಾಗ ಖಾಲಿ ಬಿಡಿ

"ಸಾರ್, ಸರ್ವರ್‌ನಿಂದ ಪಕ್ಕದ ಲ್ಯಾಪ್‌ಟಾಪ್‌ಗೆ ಪಿಂಗ್ ಆಗ್ತಾ ಇದೆ. ಬ್ರಾಂಚ್‌ಗೆ ಆಗ್ತಿಲ್ಲ."

ಪಿಂಗ್ ಅಂದರೆ ಒಂದು ಕಂಪ್ಯೂಟರ್ ಇನ್ನೊಂದನ್ನು "ಇದ್ದೀಯಾ?" ಅಂತ ಕೇಳುವುದು. ಫೋನಿನಲ್ಲಿ ಈ ಮಾತು ಬಂದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ. "ಸ್ಟೋರೇಜ್ ನೆಟ್‌ವರ್ಕ್ ಕಾರ್ಡಿಗೆ ಗೇಟ್‌ವೇ ಹಾಕಿದ್ದೀರಾ?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲಗೆ, "ಹೂಂ ಸಾರ್. ಸ್ಕ್ರೀನೇ ಕೇಳ್ತಲ್ಲ?"

ಕೇಳಿದ್ದು ನಿಜ. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು ಅಂತ ಶಾಲೆಯಲ್ಲಿ ಕಲಿಸಿಬಿಟ್ಟಿದ್ದಾರೆ. ಖಾಲಿ ಬಿಟ್ಟರೆ ಸೊನ್ನೆ. ಆ ಭಯ ಸರ್ವರ್ ರೂಮಿನವರೆಗೂ ಬಂದಿದೆ.

ನಾನು ಹೇಳುತ್ತಿರುವುದು ಹೈಪರ್‌ಕನ್ವರ್ಜ್ಡ್ ನೋಡ್‌ಗಳ ಬಗ್ಗೆ. ಅಂದರೆ ವರ್ಚುವಲ್ ಮಷೀನೂ ಡಿಸ್ಕೂ ಒಂದೇ ಡಬ್ಬಿಯಲ್ಲಿ ಇರುವ ಸರ್ವರ್. ಪ್ರತ್ಯೇಕ ಸ್ಟೋರೇಜ್ ಪೆಟ್ಟಿಗೆ ಇರುವುದಿಲ್ಲ. ನನ್ನ ಕೈಗೆ ಜಾಸ್ತಿ ಬರುವುದು ಮೈಕ್ರೋಸಾಫ್ಟ್‌ನವು. ಡೆಸ್ಕ್‌ಟಾಪ್ ಇಲ್ಲದೆ ಹಾಕಿದ ವಿಂಡೋಸ್ ಸರ್ವರ್ ಇರುತ್ತದೆ, ಇಲ್ಲವೇ 2024ರಲ್ಲಿ ಅಜೂರ್ ಲೋಕಲ್ ಅಂತ ಹೆಸರು ಬದಲಾದ ಅಜೂರ್ ಸ್ಟ್ಯಾಕ್ ಎಚ್‌ಸಿಐ. ಲಾಗಿನ್ ಆದರೆ ಡೆಸ್ಕ್‌ಟಾಪ್ ಬರುವುದಿಲ್ಲ. ಕರಿ ಪರದೆ, ಅದರಲ್ಲಿ 1ರಿಂದ 15ರವರೆಗೆ ನಂಬರ್ ಹಾಕಿದ ಒಂದು ಪಟ್ಟಿ. ಅದೇ ಎಸ್‌ಕಾನ್ಫಿಗ್. ಮೊದಲ ಸಲ ನೋಡಿದವರು "ಮೌಸ್ ಎಲ್ಲಿ ಸಾರ್?" ಅಂತ ಸುತ್ತ ಹುಡುಕುತ್ತಾರೆ. 2 ಒತ್ತಿ ಹೆಸರು ಕೊಡಿ, ವಿಂಡೋಸ್ ಸರ್ವರ್ ಆದರೆ ಆಮೇಲೆ 1 ಒತ್ತಿ ಡೊಮೈನ್‌ಗೆ, ಅಂದರೆ ಸಂಸ್ಥೆಯ ಲಾಗಿನ್ ವ್ಯವಸ್ಥೆಗೆ, ಸೇರಿಸಿ, 9 ಒತ್ತಿ ಗಡಿಯಾರ ನೋಡಿ. ಇವನ್ನು ಯಾರೂ ಕೆಡಿಸುವುದಿಲ್ಲ. ಕೆಡುವುದು 8ರಲ್ಲಿ. ಅದು ನೆಟ್‌ವರ್ಕ್.

8 ಒತ್ತಿದರೆ ಕಾರ್ಡುಗಳ ಪಟ್ಟಿ ಬರುತ್ತದೆ. ಸಾಮಾನ್ಯ ಒಂದು ಚಿಕ್ಕ ಜಾಗದಲ್ಲಿ ನಾನು ನೋಡುವುದು ಹೀಗೆ: ಮ್ಯಾನೇಜ್‌ಮೆಂಟ್‌ಗೆ 1 ಗಿಗಾಬಿಟ್ ಕಾರ್ಡು, ನೋಡ್‌ಗಳು ತಮ್ಮೊಳಗೆ ಡೇಟಾ ನಕಲು ಮಾಡಿಕೊಳ್ಳಲು 25 ಗಿಗಾಬಿಟ್‌ನ ಎರಡು ಕಾರ್ಡು. ಇವೇ ಸ್ಟೋರೇಜ್ ಕಾರ್ಡುಗಳು. ಎರಡೇ ನೋಡ್ ಇದ್ದರೆ ಆ 25ರ ಕೇಬಲ್‌ಗಳಿಗೆ ಸ್ವಿಚ್ಚೂ ಬೇಕಿಲ್ಲ. ಇಲ್ಲಿಂದ ಅಲ್ಲಿಗೆ ನೇರ.

ಈಗ ನೋಡಿ. ಗೇಟ್‌ವೇ ಅಂದರೆ ಊರಾಚೆ ಹೋಗುವ ದಾರಿ. ನನ್ನ ನೆಟ್‌ವರ್ಕ್‌ನಲ್ಲಿ ಇಲ್ಲದ ವಿಳಾಸಕ್ಕೆ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಕಳಿಸಬೇಕಾದರೆ ಯಾರ ಕೈಗೆ ಕೊಡಲಿ? ಆ ಪ್ರಶ್ನೆಗೆ ಉತ್ತರ ಅದು. ಪ್ರಶ್ನೆ ಇಡೀ ಸರ್ವರ್‌ಗೆ ಒಂದೇ. ಕಾರ್ಡಿಗೊಂದು ಪ್ರಶ್ನೆ ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೆನು ಪ್ರತಿ ಕಾರ್ಡಿಗೂ ಕೇಳುವುದರಿಂದ ಜನ ಪ್ರತಿ ಕಾರ್ಡಿಗೂ ಒಂದು ಬೇಕು ಅಂದುಕೊಳ್ಳುತ್ತಾರೆ.

ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಮನೆ ಅಂದುಕೊಳ್ಳಿ. ಹಿತ್ತಲ ಬೇಲಿ ಮೇಲಿಂದ ಕರಿಬೇವು, ಹೆಪ್ಪಿಗೆ ಮೊಸರು, ಎಲ್ಲ ಓಡಾಡುತ್ತದೆ. ಸ್ಟೋರೇಜ್ ಕೇಬಲ್ ಅಂದರೆ ಆ ಹಿತ್ತಲು. ಅಲ್ಲಿಂದ ಊರಿಗೆ ರಸ್ತೆ ಇಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ಗೇಟ್‌ವೇ ಬರೆಯುವುದು ಅಂದರೆ ಹಿತ್ತಲ ಬೇಲಿಗೆ "ಮೆಜೆಸ್ಟಿಕ್‌ಗೆ ದಾರಿ" ಅಂತ ಬೋರ್ಡ್ ನೇತು ಹಾಕಿದ ಹಾಗೆ.

"ಇದ್ದರೆ ಇರಲಿ ಬಿಡಿ, ಇನ್ನೊಂದು ಸರಿಯಾದ ಗೇಟ್‌ವೇ ಇದೆಯಲ್ಲ" ಅನ್ನುತ್ತಾರೆ. ಇಲ್ಲೇ ನನಗೆ ಸಿಟ್ಟು ಬರುವುದು. ಎರಡು ದಾರಿ ಕಂಡರೆ ವಿಂಡೋಸ್ ಮೆಟ್ರಿಕ್, ಅಂದರೆ ದಾರಿಗೆ ಕೊಟ್ಟ ಅಂಕಿ, ನೋಡುತ್ತದೆ. ಕಡಿಮೆ ಮೆಟ್ರಿಕ್ ಇರುವ ದಾರಿಯೇ ಗೆಲ್ಲುವುದು. ನೀವು ಏನೂ ಹೇಳದಿದ್ದರೆ ಕಾರ್ಡಿನ ವೇಗ ನೋಡಿ ಅದೇ ಮೆಟ್ರಿಕ್ ಹಾಕಿಕೊಳ್ಳುತ್ತದೆ. 1 ಗಿಗಾಬಿಟ್ ಕಾರ್ಡಿಗೆ 25. 25 ಗಿಗಾಬಿಟ್ ಕಾರ್ಡಿಗೆ 15. ಗೆದ್ದವರು ಯಾರು? ಹಿತ್ತಲು! ಅಗಲವಾಗಿದೆ ಅನ್ನುವ ಒಂದೇ ಕಾರಣಕ್ಕೆ. ನಿಮ್ಮ ಸರಿಯಾದ ಗೇಟ್‌ವೇ ಸುಮ್ನೆ ಕೂತಿರುತ್ತದೆ, ಪ್ಯಾಕೆಟ್‌ಗಳೆಲ್ಲ ಬೇಲಿಗೆ ಹೋಗಿ ಬೀಳುತ್ತವೆ.

ಅದಕ್ಕೇ "ಪಕ್ಕಕ್ಕೆ ಪಿಂಗ್ ಆಗುತ್ತೆ, ಬ್ರಾಂಚ್‌ಗೆ ಆಗಲ್ಲ" ಅನ್ನುವ ಮಾತು ನನಗೆ ಅಷ್ಟು ಪರಿಚಯ. ಪಕ್ಕದ ಮೇಜಿನ ಲ್ಯಾಪ್‌ಟಾಪ್ ಅದೇ ನೆಟ್‌ವರ್ಕ್‌ನಲ್ಲಿದೆ. ಅಲ್ಲಿಗೆ ಪಿಂಗ್ ಕಳಿಸಲು ಗೇಟ್‌ವೇ ಬೇಡ. ಬ್ರಾಂಚ್‌ಗೆ ಸರ್ವರ್ ಕಳಿಸುವ ಪಿಂಗ್ ಮಾತ್ರ ಹಿತ್ತಲಿಗೆ ಹೋಗುತ್ತದೆ.

ಒಂದು ಸಹಕಾರಿ ಸಂಸ್ಥೆಯಲ್ಲಿ ಆದದ್ದು ಹೇಳುತ್ತೇನೆ. ಊರು ಬೇಡ. ಅಲ್ಲಿನ ಐಟಿ ಹುಡುಗ ಒಳ್ಳೆಯವನು, ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುವವನು. ಎರಡು ನೋಡ್ ಸಿದ್ಧ ಮಾಡಿದ್ದ. ಡೊಮೈನ್‌ಗೆ ಸೇರಿಸಿದ್ದ, ಅಪ್‌ಡೇಟ್ ಹಾಕಿದ್ದ. ಎಲ್ಲ ಚೆನ್ನಾಗಿತ್ತು. ಮಾರನೇ ದಿನ ಸ್ಟೋರೇಜ್ ಕೇಬಲ್ ಬಂತು, ಚುಚ್ಚಿದ. ಅಷ್ಟೇ, ಹೆಡ್ ಆಫೀಸಿನ ಡೊಮೈನ್ ಕಂಟ್ರೋಲರ್ ಮಾಯ. ಕೇಬಲ್ ಕಿತ್ತ, ಸರಿಹೋಯ್ತು. ಚುಚ್ಚಿದ, ಮತ್ತೆ ಹೋಯ್ತು. ಕೇಬಲ್ ಕೆಟ್ಟಿದೆ ಅಂತ ತೀರ್ಮಾನಿಸಿ ಮಾರಿದವರ ಜೊತೆ ಎರಡು ದಿನ ಜಗಳ. ಅವರು ಪಾಪ ಹೊಸ ಕೇಬಲ್ ಕಳಿಸಿದರು. ಅದೂ "ಕೆಟ್ಟಿತ್ತು".

ಕೇಬಲ್ ಇಲ್ಲದಾಗ ಆ ಕಾರ್ಡಿನ ಲಿಂಕ್ ಇರುವುದಿಲ್ಲ, ಅದರ ದಾರಿ ಲೆಕ್ಕಕ್ಕೆ ಬರುವುದಿಲ್ಲ. ಚುಚ್ಚಿದ ಕ್ಷಣ ಲೆಕ್ಕಕ್ಕೆ ಬಂತು, ಗೆದ್ದೂ ಬಿಟ್ಟಿತು. ನಾನು ಹೋಗಿ ಕೂತು ಕೇಳಿದೆ, "ಗೇಟ್‌ವೇಗೆ ಯಾವ ಐಪಿ ಹಾಕಿದೆ?" ನೋಟ್‌ಬುಕ್ ತಿರುವಿ ಹೇಳಿದ, "ಪಕ್ಕದ ಸರ್ವರ್‌ದು ಸಾರ್. ಅದರದ್ದಕ್ಕೆ ಇದರದ್ದು." ಎರಡೂ ಸರ್ವರ್ ಊರಿಗೆ ಹೋಗುವ ದಾರಿ ಪಕ್ಕದ ಮನೆಯವರನ್ನು ಕೇಳಿ ಅನ್ನುತ್ತಿದ್ದವು! ವಿಂಡೋಸ್ ತಾನಾಗಿ ಬೇರೆಯವರ ಪ್ಯಾಕೆಟ್ ಮುಂದಕ್ಕೆ ದಾಟಿಸುವುದಿಲ್ಲ, ಬಿಸಾಡುತ್ತದೆ. ನಗು ಬಂತು, ನಗಲಿಲ್ಲ. ಅವನ ಮುಖ ನೋಡಿದರೆ ನಗುವ ಹಾಗಿರಲಿಲ್ಲ.

ಹಾಗಾದರೆ ಮಾಡುವುದು ಹೇಗೆ? ಸ್ಟೋರೇಜ್ ಕಾರ್ಡುಗಳಿಗೆ ನಾನು ಆ ಮೆನು ಮುಟ್ಟುವುದೇ ಇಲ್ಲ. 15 ಒತ್ತಿದರೆ ಪವರ್‌ಶೆಲ್ ಬರುತ್ತದೆ. ಅಲ್ಲಿ ನ್ಯೂ-ನೆಟ್‌ಐಪಿಅಡ್ರೆಸ್ ಆಜ್ಞೆಗೆ ಕಾರ್ಡಿನ ಹೆಸರು, ಐಪಿ, ಪ್ರಿಫಿಕ್ಸ್ ಉದ್ದ (ನೆಟ್‌ವರ್ಕ್ ಎಷ್ಟು ದೊಡ್ಡದು ಅನ್ನುವ ಅಂಕಿ) ಕೊಡಿ. ಡಿಫಾಲ್ಟ್ ಗೇಟ್‌ವೇ ಅನ್ನುವ ಭಾಗ ಬರೆಯಲೇ ಬೇಡಿ. ಅದು ಕೇಳುವುದೂ ಇಲ್ಲ, ನೀವು ಹೇಳುವುದೂ ಬೇಡ. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ ಕೂಡ ಆ ಕಾರ್ಡುಗಳಿಗೆ ಬೇಡ. ಇನ್ನು ನೆಟ್‌ವರ್ಕ್ ಸೆಟ್ಟಿಂಗ್ ತಾನೇ ಹಾಕುವ ನೆಟ್‌ವರ್ಕ್ ಎಟಿಸಿ ಬಳಸುವವರು ಕೈಯಾರೆ ಐಪಿ ಕೊಡುವ ಮೊದಲು ಒಮ್ಮೆ ಯೋಚಿಸಿ. ಹೊಸ ಆವೃತ್ತಿಗಳಲ್ಲಿ ಅದು ಸ್ಟೋರೇಜ್ ವಿಳಾಸಗಳನ್ನು 10.71ರಿಂದ ಶುರುವಾಗುವ ಸಾಲಿನಲ್ಲಿ ತಾನೇ ಹಂಚುತ್ತದೆ, ಟ್ರಾಫಿಕ್ ಬೇರೆ ಬೇರೆ ಇಡುವ ವಿಎಲ್ಯಾನ್ ನಂಬರ್ 711, 712 ಅಂತ ತಾನೇ ಹಾಕುತ್ತದೆ.

ಗೇಟ್‌ವೇ ಆಗಲೇ ಹಾಕಿಬಿಟ್ಟಿದ್ದರೆ, ದಾರಿಗಳ ಪಟ್ಟಿ ತೋರಿಸುವ ರೂಟ್ ಪ್ರಿಂಟ್ ಆಜ್ಞೆ ಕೊಟ್ಟು ನೋಡಿ. ಆ್ಯಕ್ಟಿವ್ ರೂಟ್ಸ್ ಅನ್ನುವ ಪಟ್ಟಿಯಲ್ಲಿ 0.0.0.0 ಅಂತ ಶುರುವಾಗುವ ಸಾಲು, ಅಂದರೆ ಡಿಫಾಲ್ಟ್ ಗೇಟ್‌ವೇಯ ಸಾಲು, ಒಂದೇ ಇರಬೇಕು. ಎರಡಿದ್ದರೆ ಸ್ಟೋರೇಜ್ ಕಾರ್ಡಿನದ್ದನ್ನು ರಿಮೂವ್-ನೆಟ್‌ರೂಟ್‌ನಿಂದ ತೆಗೆಯಿರಿ. ಆದರೆ ಕಾರ್ಡಿನ ಹೆಸರು ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡೂ ಹೋಗುತ್ತವೆ. ದೂರದಿಂದ ರಿಮೋಟ್‌ನಲ್ಲಿ ಕೂತು ಇದನ್ನು ಮಾಡಬೇಡಿ. ಕನ್ಸೋಲ್ ಮುಂದೆ ಕೂತು ಮಾಡಿ, ಇಲ್ಲವೇ ಸರ್ವರ್‌ನ ಕನ್ಸೋಲನ್ನೇ ದೂರಕ್ಕೆ ತೋರಿಸುವ ಐಡ್ರಾಕ್, ಐಎಲ್‌ಒ ಥರದ್ದು ತೆರೆದಿಟ್ಟುಕೊಂಡು ಮಾಡಿ. ಒಮ್ಮೆ ರೀಸ್ಟಾರ್ಟ್ ಆದ ಮೇಲೆ ಮತ್ತೆ ನೋಡಿ. ರೂಟ್ ಪ್ರಿಂಟ್‌ನ ಕೊನೆಯಲ್ಲಿ ಪರ್ಸಿಸ್ಟೆಂಟ್ ಅಂತ ಇನ್ನೊಂದು ಪಟ್ಟಿ ಇದೆ, ಹಳೇದು ಅಲ್ಲಿ ಅಡಗಿರಬಹುದು.

ಎಲ್ಲ ಕಡೆಗೂ ಇದೇ ಮಾತು ಅಂತ ಹೇಳಲಾರೆ. ಎರಡು ಊರಿಗೆ ಹಬ್ಬಿದ ಕ್ಲಸ್ಟರ್‌ಗಳಲ್ಲಿ, ಅಂದರೆ ನೋಡ್‌ಗಳ ಗುಂಪುಗಳಲ್ಲಿ, ಸ್ಟೋರೇಜ್ ಟ್ರಾಫಿಕ್ ರೂಟರ್ ದಾಟಬೇಕಾಗಬಹುದು. ಅಲ್ಲೂ ಆ ಒಂದು ನೆಟ್‌ವರ್ಕ್‌ಗೆ ಮಾತ್ರ ಕೈಯಾರೆ ಒಂದು ದಾರಿ, ಅಂದರೆ ಸ್ಟ್ಯಾಟಿಕ್ ರೂಟ್, ಹಾಕುತ್ತಾರೆ, ಎರಡನೇ ಡಿಫಾಲ್ಟ್ ಅಲ್ಲ. ಅಂಥ ವಿನ್ಯಾಸ ಮಾಡಿದವರನ್ನು ಕೇಳದೆ ಕೈ ಹಾಕಬೇಡಿ.

ಕಿಟಕಿ ಇರುವ ವಿಂಡೋಸ್‌ನಲ್ಲಿ ಎರಡನೇ ಗೇಟ್‌ವೇ ಹಾಕಿದರೆ ಒಂದು ಎಚ್ಚರಿಕೆ ಡಬ್ಬಿ ಬರುತ್ತದೆ. ಜನ ಓದದೆ ಯೆಸ್ ಒತ್ತುತ್ತಾರೆ, ಅದು ಬೇರೆ ಮಾತು. ಕರಿ ಪರದೆಯಲ್ಲಿ ಅಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಹುಡುಗ ಕಳೆದ ತಿಂಗಳು ಮತ್ತೆ ಫೋನ್ ಮಾಡಿದ್ದ. ಇನ್ನೊಂದು ಬ್ರಾಂಚ್, ಹೊಸ ನೋಡ್. "ಸಾರ್, ಈ ಸಲ ನೀವು ಹೇಳಿದ ಹಾಗೇ ಮಾಡಿದೆ, ಗೇಟ್‌ವೇ ಖಾಲಿ ಬಿಟ್ಟೆ. ಆದರೂ ಹೆಡ್ ಆಫೀಸ್ ಸಿಗ್ತಿಲ್ಲ."

"ಯಾವ ಕಾರ್ಡಲ್ಲಿ ಖಾಲಿ ಬಿಟ್ಟೆ?"

"ಎಲ್ಲದರಲ್ಲೂ ಸಾರ್."