ಗೂಟವನ್ನೂ ತಾನೇ ತರುವ ಬ್ಯಾಕ್ಟೀರಿಯಾ

ಕರುಳಿನಲ್ಲಿ ಯಾವುದೂ ನಿಂತಲ್ಲೇ ನಿಲ್ಲುವುದಿಲ್ಲ. ತಿಂದದ್ದು, ಕುಡಿದದ್ದು, ಕರುಳೇ ಸುರಿಸಿದ ರಸ, ಎಲ್ಲವನ್ನೂ ಅದು ಹಿಂಡಿ ಹಿಂಡಿ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಗೋಡೆಯ ಮೇಲೆ ಲೋಳೆ ಬೇರೆ. ಲೋಳೆಯ ಕೆಳಗಿನ ಜೀವಕೋಶಗಳೂ ಮೂರರಿಂದ ಐದು ದಿನಗಳಲ್ಲಿ ಉದುರಿ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉದ್ದದ ಬ್ಯಾಕ್ಟೀರಿಯಾ ಇಂಥ ಕಡೆ ನೆಲೆಯೂರಬೇಕು ಅಂದರೆ ಏನನ್ನಾದರೂ ಹಿಡಿದುಕೊಳ್ಳಲೇಬೇಕು. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. (ಹೊರಗೆ ಹೋಗುವ ದಾರಿ ಬೇರೆ, ಆ ಮಾತು ಇರಲಿ.)

ಹಿಡಿಯಲು ಹಲವು ಬ್ಯಾಕ್ಟೀರಿಯಾಗಳ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಇವಕ್ಕೆ ಫಿಂಬ್ರಿಯಾ ಎನ್ನುತ್ತಾರೆ. ಇ. ಕೋಲಿಯ ಒಂದು ಬಗೆಯ ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇದೆ. ನಮ್ಮ ಜೀವಕೋಶಗಳ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಅದು ಹಿಡಿಯುತ್ತದೆ. ಹರಿವು ಮೆಲ್ಲಗಿದ್ದಾಗ ಹಿಡಿತ ಸಡಿಲ. ಹರಿವು ಜೋರಾಗಿ ಬ್ಯಾಕ್ಟೀರಿಯಾವನ್ನು ಎಳೆದರೆ ಪ್ರೋಟೀನಿನ ಆಕಾರವೇ ಬದಲಾಗಿ ಹಿಡಿತ ಬಿಗಿಯಾಗುತ್ತದೆ. ಥೇಟ್ ಜೀರುಗುಣಿಕೆ!

ಆದರೆ ಕುಣಿಕೆ ಹಾಕಲು ಎದುರಿಗೆ ಗೂಟವೂ ಬೇಕು ಅಲ್ವಾ? ಹಂದಿಮರಿಗಳಿಗೆ ಭೇದಿ ತರುವ ಇ. ಕೋಲಿಯ ಒಂದು ತಳಿಗೆ ಕೆ88 ಎಂಬ ಎಳೆಗಳಿವೆ. ಕೆಲವು ಹಂದಿಗಳ ಕರುಳಿನ ಕೋಶಗಳಲ್ಲಿ ಈ ಎಳೆ ಅಂಟುವ ಜಾಗ ಹುಟ್ಟಿನಿಂದಲೇ ಇರುವುದಿಲ್ಲ. ಅಂಥ ಮರಿಗಳ ಹೊಟ್ಟೆಗೆ ಆ ಬ್ಯಾಕ್ಟೀರಿಯಾ ಹೋದರೂ ಅದು ಕರುಳಿಗೆ ಅಂಟುವುದಿಲ್ಲ, ಭೇದಿಯೂ ಆಗುವುದಿಲ್ಲ. ವಿಷ ಮಾಡುವ ಶಕ್ತಿಯೆಲ್ಲ ಇದ್ದೂ ಸುಮ್ನೆ ಕೊಚ್ಚಿಕೊಂಡು ಹೋಗುತ್ತದೆ.

ಹಾಗಾದರೆ ಗೂಟ ಇಡುವುದೂ ಬಿಡುವುದೂ ಮನೆಯವರ ಕೈಯಲ್ಲಿದೆ ಅನ್ನಿಸುತ್ತದೆ. ಇಪೆಕ್ ವಿಷಯದಲ್ಲಿ ವಿಜ್ಞಾನಿಗಳೂ ಹಾಗೆಯೇ ಅಂದುಕೊಂಡಿದ್ದರು. ಎಂಟರೋಪ್ಯಾಥೋಜೆನಿಕ್ ಇ. ಕೋಲಿ ಎಂಬ ಉದ್ದನೆಯ ಹೆಸರಿನ ಚಿಕ್ಕ ರೂಪ ಇದು. ಮುಖ್ಯವಾಗಿ ಎಳೆಯ ಮಕ್ಕಳಿಗೆ ಭೇದಿ ತರುತ್ತದೆ. ಇದು ಕರುಳಿನ ಕೋಶಕ್ಕೆ ಎಷ್ಟು ಒತ್ತಾಗಿ ಅಂಟುತ್ತದೆ ಅಂದರೆ, ಆ ಜಾಗದಲ್ಲಿ ಕೋಶದ ಮೇಲಿನ ಬೆರಳಿನಂಥ ಸಣ್ಣ ಚಾಚುಗಳೆಲ್ಲ ಅಳಿಸಿಹೋಗುತ್ತವೆ. ಆಹಾರ ಹೀರುವ ಮೈ ಅಷ್ಟು ಕಮ್ಮಿಯಾಯಿತು. ಇಪೆಕ್‌ನ ಹೊರಮೈಯಲ್ಲಿರುವ ಇಂಟಿಮಿನ್ ಎಂಬ ಪ್ರೋಟೀನೇ ಅಂಟಿಕೊಳ್ಳುವ ಕೈ ಎಂದು ಗೊತ್ತಿತ್ತು. ಆ ಕೈ ಹಿಡಿಯುವುದು ನಮ್ಮ ಕೋಶದ ಯಾವುದೋ ಪ್ರೋಟೀನನ್ನು ಎಂದೇ ನಂಬಿದ್ದರು.

1997ರಲ್ಲಿ ಕೆನಡಾದ ಬ್ರೆಟ್ ಫಿನ್ಲೆ ಅವರ ತಂಡ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಆ ಪ್ರೋಟೀನ್ ನಮ್ಮದಲ್ಲವೇ ಅಲ್ಲ, ಬ್ಯಾಕ್ಟೀರಿಯಾದ್ದೇ! ಅದಕ್ಕೆ ಟಿರ್ ಎಂದು ಹೆಸರಿಟ್ಟರು. ಇಪೆಕ್‌ಗೆ ಇಂಜೆಕ್ಷನ್ ಸೂಜಿಯಂಥ ಒಂದು ಯಂತ್ರವಿದೆ. ಅದರ ಮೂಲಕ ಟಿರ್ ಅನ್ನು ನಮ್ಮ ಕೋಶದೊಳಕ್ಕೆ ಚುಚ್ಚುತ್ತದೆ. ಒಳಗೆ ಹೋದ ಟಿರ್ ಕೋಶದ ಪೊರೆಯಲ್ಲಿ ನಾಟಿಕೊಂಡು ಹೊರಗೆ ಒಂದಿಷ್ಟು ತಲೆ ಹಾಕುತ್ತದೆ. ಇಂಟಿಮಿನ್ ಆ ತಲೆಯನ್ನು ಹಿಡಿಯುತ್ತದೆ. ಕಂಡವರ ಮನೆಗೆ ಬಂದವನು ತನ್ನದೇ ಗೂಟ ಹೊಡೆದು, ತನ್ನದೇ ಹಗ್ಗ ಕಟ್ಟಿದ ಹಾಗೆ. ಇಂಥ ಧಾರ್ಷ್ಟ್ಯ ನಾನಂತೂ ಬೇರೆಲ್ಲೂ ಕಂಡಿಲ್ಲ.

ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳನ್ನು ಟಿರ್‌ನ ಒಳತುದಿ ಆ ಜಾಗಕ್ಕೆ ಕರೆಸಿಕೊಳ್ಳುತ್ತದೆ. ಎಳೆಗಳು ಒಟ್ಟಾಗಿ ಬ್ಯಾಕ್ಟೀರಿಯಾದ ಅಡಿಯಲ್ಲಿ ಒಂದು ಪೀಠ ಎದ್ದು ನಿಲ್ಲುತ್ತದೆ. ಸಾಮಾನು ನಮ್ಮದು, ಕೂರುವವನು ಅವನು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಇಪೆಕ್ ಪೀಠದ ಸಮೇತ ಮೆಲ್ಲಗೆ ಸರಿದಾಡುವುದನ್ನೂ ನೋಡಿದ್ದಾರೆ.

ಹಂದಿಮರಿಗಳನ್ನು ಕಾಪಾಡಿದ ಅದೃಷ್ಟ ಇಲ್ಲಿ ನಡೆಯುವುದಿಲ್ಲ. ಗೂಟ ಮನೆಯದೇ ಅಲ್ಲವಲ್ಲ! ಹಾಗಾಗಿ ಕೆಲವರು ಸೂಜಿಯನ್ನೇ ಕಟ್ಟಿಹಾಕುವ ರಾಸಾಯನಿಕಗಳನ್ನು ಹುಡುಕುತ್ತಿದ್ದಾರೆ. ಇವು ಆಂಟಿಬಯೋಟಿಕ್‌ನಂತೆ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕಿಲ್ಲ. ಟಿರ್ ಒಳಗೆ ಹೋಗದಿದ್ದರೆ ಸಾಕು, ಇಂಟಿಮಿನ್‌ಗೆ ಹಿಡಿಯಲು ಗೂಟ ಸಿಗುವುದಿಲ್ಲ.