ರಾಯಚೂರು ಯಾಕೆ ನಿಧಾನಕ್ಕೆ ಬೆಳೆಯಿತು?

2001ರಲ್ಲಿ ರಾಯಚೂರು ನಗರದಲ್ಲಿ ಸುಮಾರು 2.07 ಲಕ್ಷ ಜನ ಇದ್ದರು. 2011ರ ಜನಗಣತಿ ಹೊತ್ತಿಗೆ 2.34 ಲಕ್ಷ ಆದರು. ಹತ್ತು ವರ್ಷಕ್ಕೆ ಶೇ. 13ರಷ್ಟು ಏರಿಕೆ. ಅದೇ ಹತ್ತು ವರ್ಷದಲ್ಲಿ ಇಡೀ ಜಿಲ್ಲೆ ಬೆಳೆದದ್ದು ಶೇ. 15ಕ್ಕಿಂತ ಜಾಸ್ತಿ. ಸಾಮಾನ್ಯವಾಗಿ ಹಳ್ಳಿಗಿಂತ ಪಟ್ಟಣ ಜೋರಾಗಿ ಬೆಳೆಯುತ್ತದೆ, ಅಲ್ವಾ? ಇಲ್ಲಿ ಜಿಲ್ಲಾ ಕೇಂದ್ರವೇ ಹಿಂದೆ ಬಿದ್ದಿದೆ.

ಪಕ್ಕದ ಬಳ್ಳಾರಿ ನಗರ ಆಗ 3.17 ಲಕ್ಷದಿಂದ 4.1 ಲಕ್ಷ ಮುಟ್ಟಿತ್ತು. ಅಲ್ಲಿ ಜೀನ್ಸ್ ಹೊಲಿಗೆ ಇತ್ತು, ಸುತ್ತ ಗಣಿ ಇತ್ತು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇತ್ತು. ದುಡಿಯಲು ಬಂದವರು ಅಲ್ಲೇ ಮನೆ ಮಾಡಿದರು. ರಾಯಚೂರಿನ ಹತ್ತಿ ಮಿಲ್ಲು, ಅಕ್ಕಿ ಗಿರಣಿಗಳಲ್ಲಿ ಸೀಸನ್ನಿನ ಕೆಲಸವೇ ಜಾಸ್ತಿ. ದೇವದುರ್ಗ, ಲಿಂಗಸುಗೂರು ಕಡೆಯ ಒಣಭೂಮಿಯ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಗುಳೆ ಹೊರಡುವವರು ಇಲ್ಲಿ ನಿಲ್ಲುವುದಿಲ್ಲ. ಸೀದಾ ಬೆಂಗಳೂರಿಗೆ ಹೋಗುತ್ತಾರೆ. ಅವರಿಗೆ ರಾಯಚೂರು ಬಸ್ಸು, ರೈಲು ಹಿಡಿಯುವ ಊರು.

ಇನ್ನೊಂದು ಸಂಗತಿ ಇದೆ, ಇದು ನನ್ನನ್ನು ಬಹಳ ಕಾಡುತ್ತದೆ. 2011ರ ತಲೆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ನಮ್ಮ ಕಡೆ ಗುಳೆ ಹೋಗುವ ಕಾಲವೂ ಅದೇ. ಆಗ ನಾನು ಗಣತಿದಾರರ ಮೇಲ್ವಿಚಾರಕನಾಗಿದ್ದೆ. ಒಂದು ಹಳ್ಳಿಯ ಓಣಿಯಲ್ಲಿ ಸಾಲಾಗಿ ಮೂರು ಮನೆಗೆ ಬೀಗ. ನಾಲ್ಕನೆಯ ಮನೆಯಲ್ಲಿ ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. "ಮಗ, ಸೊಸಿ ಬೆಂಗಳೂರಾಗ ಅದಾರ್ರಿ. ಯುಗಾದಿಗೆ ಬರ್ತಾರ. ಅವರ ಹೆಸರೂ ಬರಕೋರಿ ಸರ್," ಅಂದಳು. ಬರೆಯುವ ಹಾಗಿರಲಿಲ್ಲ. ಆ ಇಪ್ಪತ್ತು ದಿನದಲ್ಲಿ ಒಂದು ದಿನವೂ ಊರಲ್ಲಿ ಇರದವರನ್ನು ಅವರು ಇರುವಲ್ಲೇ ಎಣಿಸಬೇಕು ಅನ್ನುವುದು ನಿಯಮ. ನಿಯಮ ಸರಿಯಾಗಿಯೇ ಇದೆ. ಆದರೆ ಬೆಂಗಳೂರಿನಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿಗೆ ಗಣತಿದಾರರು ಹೋಗದಿದ್ದರೆ ಆ ಗಂಡಹೆಂಡತಿ ಎಲ್ಲಿಯೂ ಲೆಕ್ಕಕ್ಕೆ ಸಿಗುವುದಿಲ್ಲ.

ಜನಗಣತಿಯ ಭಾಷೆಯ ಅಂಕಿಯನ್ನೂ ಸುಮ್ನೆ ಮೇಲೆ ಮೇಲೆ ಓದಬಾರದು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ, ಉರ್ದು, ತೆಲುಗು ಮೂರೂ ಬರುವವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಸಿಂಧನೂರು ಕಡೆ ಹೋದರೆ ಕಾಲುವೆ ನೀರು ಬಂದ ಮೇಲೆ ನೆಲೆಸಿದ ತೆಲುಗು ರೈತರ ಕ್ಯಾಂಪುಗಳಿವೆ, ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಇವೆ. ಪಟ್ಟಿಯಲ್ಲಿ ಹಿಂದಿ ಮಾತಾಡುವವರ ಸಂಖ್ಯೆ ನೋಡಿ "ಉತ್ತರದವರು ಇಷ್ಟು ಜನ ಬಂದರಾ?" ಅಂತ ಕೆಲವರು ಕೇಳುತ್ತಾರೆ. ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿ ಗುಂಪಿನೊಳಗೆ ಸೇರಿಸುತ್ತಾರೆ. 2011ರಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿಯನ್ನೇ ತಾಯಿನುಡಿ ಎಂದು ಬರೆಸಿದ್ದರು. ಹಾಗಾಗಿ ಆ ಸಂಖ್ಯೆಯೊಳಗೆ ನಮ್ಮ ತಾಂಡಾಗಳ ಜನರೂ ಇದ್ದಾರೆ. ಒಳಗಿನ ಪಟ್ಟಿ ತೆಗೆದು ನೋಡಿದರೆ ಲಂಬಾಣಿ ಬೇರೆಯಾಗಿಯೇ ಸಿಗುತ್ತದೆ.

ಮುಂದಿನ ತಲೆ ಎಣಿಕೆಯನ್ನು 2027ರ ಫೆಬ್ರವರಿಗೆ ಇಟ್ಟಿದ್ದಾರೆ. ಮತ್ತೆ ಗುಳೆಯ ತಿಂಗಳು. ಬೆಂಗಳೂರಿನಲ್ಲಿರುವ ನಿಮ್ಮವರಿಗೆ ಆಗ ಫೋನ್ ಹಚ್ಚಿದಾಗ ಊಟ ಆಯ್ತಾ ಅಂತ ಕೇಳುವ ಜೊತೆಗೆ ಇದನ್ನೂ ಕೇಳಿ: ಶೆಡ್ಡಿಗೆ ಗಣತಿಯವರು ಬಂದಿದ್ದರಾ, ಹೆಸರು ಬರೆಸಿದಿರಾ?